ಅಜ್ಜಿ ಊರಿನ ಪಿಲಿ

ಚೂರಿ ಎಳೆದ ಮೇಲೂ ಒಂದು ಕ್ಷಣ ಏನೂ ಆಗುವುದಿಲ್ಲ, ತೊಗಟೆಯ ತೆಳ್ಳನೆ ಸುರುಳಿ ಕಾಲ ಬಳಿ ಬೀಳುತ್ತದೆ, ಗೀರು ಒಣಗಿದ ಹಾಗೆಯೇ ಕಾಣುತ್ತದೆ, ಮರಕ್ಕೆ ಇನ್ನೂ ಗೊತ್ತೇ ಆಗಿಲ್ಲವೋ ಏನೋ ಅನ್ನುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಹನಿ ಎದ್ದು, ಒಂದಕ್ಕೊಂದು ಕೂಡಿಕೊಂಡು, ಓರೆಯಾಗಿ ಹರಿದು, ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯ ತಳಕ್ಕೆ ಟಪ್ಪೆಂದು ಬೀಳುತ್ತದೆ — ಆ ಸದ್ದು ಕೇಳಿದ ಮೇಲೆಯೇ ಪ್ರೇಮಾವತಿ ಮುಂದಿನ ಮರಕ್ಕೆ ಹೋಗುವುದು, ಇಪ್ಪತ್ತೆರಡು ವರ್ಷದ ಅಭ್ಯಾಸ, ಕುಂಬ್ಡಾಜೆಯ ಈ ಗುಡ್ಡೆಯಲ್ಲಿ ಈಶ್ವರಪ್ರಸಾದ ಭಟ್ಟರ ರಬ್ಬರು ಮರಗಳಿಗೆ ಚೂರಿ ಹಾಕುವುದೇ ಅವಳ ಬೆಳಗು, ಮರವೊಂದಕ್ಕೆ ಎಷ್ಟು ಹೊತ್ತು ಎಂದು ಕೈಗೇ ಗೊತ್ತು, ಮನಸ್ಸು ತನಗೆ ಬೇಕಾದಲ್ಲಿಗೆ ಹೋಗಿ ಬರಬಹುದು, ಇವತ್ತು ಮಾತ್ರ ಅದು ಹೋಗಲೂ ಒಲ್ಲದು ನಿಲ್ಲಲೂ ಒಲ್ಲದು, ಮಂಜು ಬೇರೆ, ಡಿಸೆಂಬರಿನ ಮಂಜು ಮರಗಳ ನಡುವೆ ಸೊಂಟದ ಮಟ್ಟಕ್ಕೆ ನಿಂತುಬಿಟ್ಟಿದೆ, ಬುಡಗಳು ಕಾಣುವುದಿಲ್ಲ, ಕಾಂಡಗಳೆಲ್ಲ ನೀರಿನಲ್ಲಿ ನಿಂತ ಹಾಗೆ, ತಾನೂ ಕಾಲಿಲ್ಲದೆ ತೇಲುತ್ತಿದ್ದೇನೆಯೋ ಎಂದು ಒಮ್ಮೆ ಕೆಳಗೆ ನೋಡಿಕೊಂಡಳು, ಸೀರೆಯ ಮೇಲೆ ತೊಟ್ಟ ಗಂಡ ಲೋಕಯ್ಯನ ಹಳೆಯ ಅಂಗಿ, ಅಂಗಿಯ ತುಂಬಾ ಒಣಗಿದ ರಬ್ಬರು ಹಾಲಿನ ಕಲೆ, ಸೊಂಟದಲ್ಲಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುತ್ತಿಟ್ಟ ಫೋನು, ಅದು ರಿಂಗಾಗುತ್ತಿಲ್ಲ, ಈ ಇಳಿಜಾರಿನಲ್ಲಿ ಸಿಗ್ನಲ್ ಇಲ್ಲ, ಆದರೂ ರಿಂಗಾದ ಹಾಗೆ ಹೊಟ್ಟೆಯ ಹತ್ತಿರ ನಡುಗುತ್ತದೆ, ಎಂಟೂವರೆಯೊಳಗೆ ಹೇಳಬೇಕು ಎಂದಿದ್ದಾಳೆ ಮಗಳು ಭವ್ಯಶ್ರೀ, ಬರುತ್ತೀಯೋ ಇಲ್ಲವೋ ಒಂದು ಮಾತು, ಬರಿಯ ಸಫಾರಿಗೋ ಅಥವಾ ಆ ಕೇಂದ್ರಕ್ಕೂ ಸೇರಿಸಿಯೋ, ಎಂಟೂವರೆಗೆ ಹೇಳಿದರೆ ಒಂಬತ್ತಕ್ಕೆ ಹೆಸರು ಕೊಡಬಹುದು, ಆಮೇಲೆ ಆಗುವುದಿಲ್ಲ.

ಟಪ್. ಮುಂದಿನ ಮರ. ಅಳಿಯ ಪ್ರವೀತ್ ಶಾರ್ಜಾದಿಂದ ರಜೆಗೆ ಬಂದು ಇಪ್ಪತ್ತು ದಿನ ಆಯಿತು, ಇನ್ನು ಹತ್ತು ದಿನ ಉಳಿದಿದೆ, ಹೋಗುವ ಮೊದಲು ಎಲ್ಲರೂ ಒಟ್ಟಿಗೆ ಎಲ್ಲಿಗಾದರೂ ಹೋಗಬೇಕು, ಮಾಮಿ ಎಲ್ಲಿಗೂ ಹೋದವರಲ್ಲ, ಅವರನ್ನು ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದವನು ಅವನೇ, ಒಳ್ಳೆಯ ಹುಡುಗ, ಶಿರಿಯದ ಹೊಳೆ ಬದಿಯ ಮನೆಯವನು, ಬಂದಾಗಲೆಲ್ಲ ಒಂದು ಕಟ್ಟು ಮೀನು ಹಿಡಿದುಕೊಂಡೇ ಕುಂಬ್ಡಾಜೆಯ ಗುಡ್ಡೆ ಹತ್ತುತ್ತಾನೆ, ಘಾಟಿಯ ಮೇಲಿನ ಕಾಡಿನಲ್ಲಿ ಬೆಳಿಗ್ಗೆ ಜೀಪಿನ ಸಫಾರಿ, ಆನೆ ಕಾಣಬಹುದು, ಕಾಟಿ ಕಾಣಬಹುದು, ಜಿಂಕೆ ಅಂತೂ ಖಂಡಿತ, ಸಫಾರಿ ಮುಗಿದ ಮೇಲೆ ಅಲ್ಲೇ ನಾಲ್ಕು ಮೈಲು ಈಚೆಗೆ ಒಂದು ಕೇಂದ್ರ, ವನ್ಯಜೀವಿ ಪುನರ್ವಸತಿ ಕೇಂದ್ರ ಎಂದು ನಿನ್ನೆ ಸಂಜೆ ಫೋನು ಮಾಡಿದಾಗ ಅವನು ಓದಿ ಹೇಳಿದ, ಗಾಯವಾದ ಪ್ರಾಣಿಗಳನ್ನು ತಂದು ಮದ್ದು ಮಾಡಿ ಸಾಕುವ ಜಾಗ, ಅಲ್ಲಿಗೆ ಸುಮ್ಮನೆ ನುಗ್ಗಲಿಕ್ಕಾಗುವುದಿಲ್ಲ, ಮೊದಲೇ ಹೆಸರು ಮತ್ತು ಆಧಾರ್ ನಂಬರು ಕೊಟ್ಟ ಹತ್ತು ಜನರಿಗೆ ಮಾತ್ರ, ಬೇಲಿಯಾಚೆ ನಿಂತು ನೋಡಬಹುದು — ನಿಮಗೆ ಗೊತ್ತುಂಟಾ ಮಾಮಿ, ನಿಮ್ಮ ಊರಿನ ಚಿರತೆ ಅಲ್ಲೇ ಉಂಟಂತೆ, ಐದು ವರ್ಷದ ಹಿಂದೆ ನಿಮ್ಮ ಗುಡ್ಡೆಯಲ್ಲಿ ಉರುಳಿಗೆ ಬಿದ್ದದ್ದು, ಮೂರು ಕಾಲಿನದ್ದು, ಅದನ್ನು ನೋಡದೆ ಬರುವುದಾ — ಅವನ ಸ್ವರದಲ್ಲಿ ಅಷ್ಟು ಖುಷಿ, ನೆಂಟರ ಸುದ್ದಿ ಸಿಕ್ಕಿದ ಹಾಗೆ, ಪ್ರೇಮಾವತಿ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದಳು, ಮೊಣಕಾಲು ನೋವಿನ ಮಾತು ತೆಗೆದಳು, ನಾಲ್ಕು ದಿನ ಚೂರಿ ಹಾಕದಿದ್ದರೆ ಭಟ್ಟರು ಏನು ಹೇಳುತ್ತಾರೋ ಎಂದಳು, ಜೀಪಿನಲ್ಲಿ ತನಗೆ ವಾಂತಿ ಬರುತ್ತದೆ ಎಂದಳು, ಜೀಪು ಹತ್ತಿ ಎಷ್ಟು ಕಾಲವಾಯಿತು ಎಂದು ಅವಳಿಗೇ ನೆನಪಿಲ್ಲ, ಅಷ್ಟರಲ್ಲಿ ಮೊಮ್ಮಗಳು ತೃಪ್ತಿ ಅಪ್ಪನ ಕೈಯಿಂದ ಫೋನು ಕಿತ್ತುಕೊಂಡಳು, ಮೂರೂವರೆ ವರ್ಷದ ಮಗು, ತುಳುವಿನಲ್ಲಿ ಹುಲಿಗೆ ಪಿಲಿ ಎನ್ನುವುದು ಬಿಟ್ಟರೆ ಚಿರತೆಗೆ ಬೇರೆ ಹೆಸರು ಇದೆ ಎಂದು ಅದಕ್ಕೆ ಗೊತ್ತಿಲ್ಲ, ಅಜ್ಜಿ ಊರಿನ ಪಿಲಿ ನೋಡ್ಲಿಕ್ಕೆ ಹೋಗುವುದು ನಾವು ಎಂದು ಹಾಡಿದ ಹಾಗೆ ಹೇಳಿ, ಸ್ವಲ್ಪ ನಿಂತು, ಉಸಿರು ಎಳೆದುಕೊಂಡು ಕೇಳಿತು — ಅಜ್ಜೀ, ಅದರ ಇನ್ನೊಂದು ಕಾಲು ನಿಮ್ಮ ಮನೆಯಲ್ಲಿ ಉಂಟಾ.

ಮಗು ಕೇಳಿದ್ದು ಅಷ್ಟೇ, ಹಿಂದಿನಿಂದ ಭವ್ಯ ನಕ್ಕದ್ದೂ ಕೇಳಿಸಿತು, ಅಜ್ಜಿಯೂ ನಕ್ಕಳು, ಆದರೆ ಆ ನಗು ಬಾಯಿಯಿಂದ ಕೆಳಗೆ ಇಳಿಯಲಿಲ್ಲ, ನಿನ್ನೆ ಸಂಜೆಯಿಂದ ಅಲ್ಲೇ ಸಿಕ್ಕಿಕೊಂಡಿದೆ, ಅನ್ನ ಇಳಿಯಲಿಲ್ಲ, ಲೋಕಯ್ಯ ಎರಡು ಸಲ ಮುಖ ನೋಡಿದ, ಏನೂ ಕೇಳಲಿಲ್ಲ, ಅವನು ಹಾಗೆ, ಇಲ್ಲೇ ಹತ್ತಿರದ ಅನಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಹೊರೆ ಹೊತ್ತು ಹೊತ್ತು ಮಾತೂ ಭಾರ ಎನ್ನಿಸಿದೆ ಅವನಿಗೆ, ಇವತ್ತು ಬೆಳಿಗ್ಗೆ ಆರರ ಬಸ್ಸಿಗೆ ಹೊರಡುವಾಗ ಮಾತ್ರ ಮೆಟ್ಟಿಲಿನಲ್ಲಿ ನಿಂತು ಹೋಗುವುದಾದರೆ ಹೋಗಿ ಬಾ ಎಂದ, ಎಲ್ಲಿಗೆ ಎಂದು ಹೇಳಲಿಲ್ಲ, ಟಪ್, ಮುಂದಿನ ಮರ, ಎಷ್ಟನೆಯದು ಇದು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದೆ, ಹಾಲು ತೊಟ್ಟಿಕ್ಕುತ್ತಿದೆ, ಯಾವುದು ಯಾವ ಸದ್ದೋ, ಮಂಜಿನ ಮೇಲುಭಾಗಕ್ಕೆ ಸ್ವಲ್ಪ ಬಿಸಿಲು ತಾಗಿ ಅದು ಹಳದಿಯಾಗುತ್ತಿದೆ, ಹೀಗೇ ಇರಬಹುದು ಆ ಕಾಡು, ತೆರೆದ ಜೀಪು, ಮುಂದಿನ ಸೀಟಿನಲ್ಲಿ ಪ್ರವೀತ್, ಹಿಂದೆ ಭವ್ಯನ ಮಡಿಲಲ್ಲಿ ಮಗು, ಮಗುವಿನ ಕಾಲು ಅಜ್ಜಿಯ ಮಡಿಲಲ್ಲಿ, ಚಕ್ರದ ಕೆಳಗೆ ಒಣ ಎಲೆ, ಡ್ರೈವರ್ ಬೆರಳೆತ್ತಿ ಸುಮ್ಮನಿರಿ ಎನ್ನುತ್ತಾನೆ, ಎಲ್ಲರೂ ಉಸಿರು ಹಿಡಿಯುತ್ತಾರೆ, ಬಿದಿರ ಮೆಳೆ ಅಲುಗುತ್ತದೆ, ಜಿಂಕೆಗಳು ಒಂದರ ಹಿಂದೆ ಒಂದು ಹೊರಬಂದು ದಾರಿ ದಾಟುತ್ತವೆ, ಅವಕ್ಕೆ ಯಾರ ಮೇಲೂ ದೂರಿಲ್ಲ, ದಾಟುತ್ತವೆ ಅಷ್ಟೇ, ಮೈಮೇಲೆ ಎಲೆಯ ನೆರಳೋ ಚುಕ್ಕೆಯೋ, ಎಷ್ಟು ಚಂದ, ಅಲ್ಲಿಯವರೆಗೆ ಹೋಗಬಹುದು, ಸಫಾರಿಯವರೆಗೆ ಹೋಗಬಹುದು, ಜಿಂಕೆ ನೋಡಿ, ನಿಮ್ಮ ಕೇಂದ್ರಕ್ಕೆ ನೀವು ಹೋಗಿ ಬನ್ನಿ, ನಾನು ಗೇಟಿನ ಹತ್ತಿರ ಚಾ ಕುಡಿದು ಕೂತಿರುತ್ತೇನೆ ಎನ್ನಬಹುದು, ಹೆಸರು ಕೊಡದಿದ್ದರೆ ಒಳಗೆ ಬಿಡುವುದಿಲ್ಲವಲ್ಲ, ನೆಪ ತಾನಾಗಿಯೇ ಸಿಕ್ಕಿತು, ಆದರೆ ಮಗು ಹೊರಗೆ ಬಂದು ಕೇಳುತ್ತದೆ, ಅದರ ಕಾಲು ಎಲ್ಲಿ ಹೋಯ್ತು ಅಜ್ಜಿ ಎಂದು ಕೇಳಿಯೇ ಕೇಳುತ್ತದೆ, ಅದು ಕೇಳದೆ ಬಿಟ್ಟ ಪ್ರಶ್ನೆ ಇಲ್ಲ.

ಹಂದಿಗೆಂದೇ ಇಟ್ಟದ್ದು. ದೇವರಾಣೆಗೂ ಹಂದಿಗೆ. ಆ ವರ್ಷ ಕಾಡುಹಂದಿಗಳ ಹಿಂಡು ಮನೆಯ ಕೆಳಗಿನ ಮರಗೆಣಸನ್ನು ಮೂರು ಸಲ ಉತ್ತು ಹಾಕಿ ಹೋಗಿತ್ತು, ಗೆಡ್ಡೆ ತಿಂದದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು, ಬೆಳಿಗ್ಗೆ ಎದ್ದು ನೋಡಿದರೆ ನೆಲ ಮಗುಚಿ ಬಿದ್ದ ಹಾಗೆ, ನೆರೆಮನೆಯ ಪುರಂದರ ಪಟಾಕಿ ಹೊಡೆದ, ಹಳೆ ಸೀರೆ ಕಟ್ಟಿದ, ಏನೂ ಪ್ರಯೋಜನವಾಗಲಿಲ್ಲ, ಆಗ ಪ್ರೇಮಾವತಿಗೆ ನೆನಪಾದದ್ದು ಅಪ್ಪ, ಅಪ್ಪ ಉರುಳು ಕಟ್ಟುತ್ತಿದ್ದ ರೀತಿ, ಚಿಕ್ಕವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡು ಹೀಗೆ, ಗಂಟು ಒಳಗೆ ಓಡಬೇಕು ಹೊರಗೆ ಓಡಬಾರದು, ಆಗ ಬಳ್ಳಿಯಲ್ಲಿ, ಈಗ ಲೋಕಯ್ಯನ ಹಳೆ ಮೊಪೆಡ್ಡಿನ ಬ್ರೇಕ್ ಕೇಬಲ್ಲು, ಹಾಳಾದ ವಾಹನವನ್ನು ಗುಜರಿಗೆ ಕೊಡುವಾಗ ಇದು ಇರಲಿ ಎಂದು ಬಿಚ್ಚಿಟ್ಟವನು ಅವನೇ, ಬೇಲಿಯ ಕಂಡಿಯಲ್ಲಿ, ನೀರು ಹರಿಯುವ ತೋಡಿನ ಬದಿಯಲ್ಲಿ, ಹಂದಿ ನುಗ್ಗುವ ಜಾಡಿನಲ್ಲೇ ಅವಳು ಕಟ್ಟಿದಳು, ತನ್ನ ಕೈಯಿಂದ, ಗಂಟು ಎಳೆದು ನೋಡಿದಳು, ಒಳಗೆ ಓಡಿತು ಹೊರಗೆ ಓಡಲಿಲ್ಲ, ಅಪ್ಪ ಇದ್ದಿದ್ದರೆ ಸೈ ಎನ್ನುತ್ತಿದ್ದ, ಸಣ್ಣದೊಂದು ಹೆಮ್ಮೆ ಕೂಡ ಆಯಿತು, ಈಗ ನೆನೆದರೆ ಆ ಹೆಮ್ಮೆಯೇ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ, ಎಂಟು ದಿನ ಏನೂ ಬೀಳಲಿಲ್ಲ, ಒಂಬತ್ತನೆಯ ದಿನ ಆದಿತ್ಯವಾರ.

ಆದಿತ್ಯವಾರ ಹನ್ನೊಂದು ಗಂಟೆಗೆ ಶಿರಿಯದವರು ಭವ್ಯನನ್ನು ನೋಡಲು ಬರುವವರಿದ್ದರು, ಇಪ್ಪತ್ತಾರು ತುಂಬಿದ ಹುಡುಗಿ, ಎರಡು ಕಡೆಯವರು ನೋಡಿ ಹೋಗಿ ಮಾತೇ ಇಲ್ಲ, ಒಬ್ಬರಿಗೆ ರಬ್ಬರು ಕೆಲಸದವರ ಮನೆ ಎಂದು ಕೊರತೆ, ಇನ್ನೊಬ್ಬರಿಗೆ ಎಂತ ಕೊರತೆಯೋ ಹೇಳಲೇ ಇಲ್ಲ, ಅಡುಗೆಗೆ ಬಾಳೆ ಎಲೆ ಕೊಯ್ಯಲು ಬೆಳಕು ಹರಿಯುವಾಗ ತೋಡಿನ ಬದಿಗೆ ಇಳಿದವಳು ಹಾಗೆಯೇ ಉರುಳು ನೋಡಿ ಬರೋಣ ಎಂದು ಬೇಲಿಯ ಹತ್ತಿರ ಹೋದಳು, ಆ ದಿನವೂ ಮಂಜು, ಮಂಜಿನಲ್ಲಿ ಮೊದಲು ಕಂಡದ್ದು ಅದರ ಬೆನ್ನು, ನಾಯಿ ಎಂದುಕೊಂಡಳು, ನಾಯಿ ಕೂತ ಹಾಗೆಯೇ ಕೂತಿತ್ತು, ಮುಂದಿನ ಬಲಗಾಲು ತಂತಿಯಲ್ಲಿ, ತಂತಿ ಕೂದಲಿನೊಳಗೆ ಹೋಗಿ ಕಾಣುತ್ತಲೇ ಇರಲಿಲ್ಲ, ಸುತ್ತಲಿನ ಮಣ್ಣೆಲ್ಲ ಕೆದರಿ ಕೆಂಪಾಗಿತ್ತು, ಅದು ತಿರುಗಿ ನೋಡಿತು, ಗುರ್ರೆನ್ನಲಿಲ್ಲ, ಹಲ್ಲು ತೋರಿಸಲಿಲ್ಲ, ಇವಳನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಮುಖ ಆಚೆ ಮಾಡಿ ತನ್ನ ಕಾಲನ್ನು ನೋಡಿಕೊಂಡಿತು, ಬಸ್ಸಿಗೆ ಕಾಯುವವರು ಪಕ್ಕದಲ್ಲಿ ಬಂದು ನಿಂತವರನ್ನು ಒಮ್ಮೆ ನೋಡಿ ಬಿಡುತ್ತಾರಲ್ಲ ಹಾಗೆ, ಇವಳ ಕೈಯಲ್ಲಿ ಬಾಳೆ ಎಲೆಯ ಕಟ್ಟು, ಓಡಲಿಲ್ಲ, ಕಾಲು ಬರಲಿಲ್ಲವೋ ಮನಸ್ಸು ಬರಲಿಲ್ಲವೋ, ಇಬ್ಬರೂ ಹಾಗೇ ಇದ್ದರು, ಎಷ್ಟು ಹೊತ್ತು, ಒಂದು ಮರಕ್ಕೆ ಚೂರಿ ಹಾಕುವಷ್ಟೋ ಹತ್ತು ಮರಕ್ಕೆ ಹಾಕುವಷ್ಟೋ, ಅದರ ಉಸಿರಿನ ಆವಿ ಮಂಜಿಗೆ ಸೇರುವುದು ಕಾಣುತ್ತಿತ್ತು, ಆಮೇಲೆ ಅವಳು ಮನೆಗೆ ಬಂದಳು, ಎಲೆ ತೊಳೆದಳು, ಕಾಯಿ ಕೆರೆದಳು, ಪಂಚಾಯತು ಮೆಂಬರಿಗೆ ಫೋನು ಮಾಡಬೇಕು, ಫಾರೆಸ್ಟಿನವರಿಗೆ ಹೇಳಬೇಕು, ಹೇಳಿದರೆ ಜೀಪು ಬರುತ್ತದೆ, ಪೊಲೀಸರು ಬರುತ್ತಾರೆ, ಚಾನೆಲಿನವರು ಬರುತ್ತಾರೆ, ತಂತಿ ಯಾರದ್ದು ಎಂದು ಕೇಳುತ್ತಾರೆ, ಜಾಮೀನು ಕೂಡ ಸಿಗದ ಕೇಸು ಎಂದು ಪುರಂದರ ಯಾವಾಗಲೋ ಹೇಳಿದ್ದ, ಹನ್ನೊಂದು ಗಂಟೆಗೆ ಶಿರಿಯದವರ ಕಾರು ಗುಡ್ಡೆಯ ತಿರುವಿನಲ್ಲಿ ಬರುವಾಗ ಮನೆಯ ಅಂಗಳದಲ್ಲಿ ಹುಡುಗಿಯ ತಾಯಿಯನ್ನು ಜೀಪಿಗೆ ಹತ್ತಿಸುತ್ತಿರುತ್ತಾರೆ, ಕಾರು ಅಲ್ಲಿಂದಲೇ ಹಿಂದೆ ತಿರುಗುತ್ತದೆ, ಅವರು ಹೋಗಲಿ, ಊಟ ಮಾಡಿ ಹೋಗಲಿ, ಮಧ್ಯಾಹ್ನದ ಮೇಲೆ ಹೇಳಿದರಾಯಿತು, ಕಾಡಿನ ಪ್ರಾಣಿ, ಅಷ್ಟು ಹೊತ್ತು ತಡೆದೀತು, ಅಷ್ಟೇ ಯೋಚಿಸಿದ್ದು, ಅದಕ್ಕಿಂತ ಕೆಟ್ಟದ್ದನ್ನು ಯೋಚಿಸಲೇ ಇಲ್ಲ.

ಬಂದವರು ಆರು ಜನ, ಹುಡುಗ ಪ್ರವೀತ್ ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ, ಬೆವರುತ್ತಿದ್ದ, ಅವನ ಸೋದರಮಾವ ಹರಿನಾಥ ಎಲ್ಲರ ಪರವಾಗಿ ಮಾತಾಡುವವರು, ಭವ್ಯ ಹಸಿರು ಸೀರೆಯಲ್ಲಿ ಬಂದು ಚಾ ಕೊಟ್ಟಳು, ಕೈ ನಡುಗಲಿಲ್ಲ, ಕಪ್ಪು ತಟ್ಟೆಗೆ ತಾಗಿ ಸದ್ದಾಗಲಿಲ್ಲ, ಹುಡುಗನ ತಾಯಿಯ ಮುಖ ಸಡಿಲವಾದದ್ದನ್ನು ಪ್ರೇಮಾವತಿ ಅಡುಗೆಮನೆಯ ಬಾಗಿಲಿನಿಂದ ನೋಡಿದಳು, ಆಗುತ್ತದೆ, ಈ ಸಲ ಆಗುತ್ತದೆ ಎಂದುಕೊಂಡಳು, ಎಲೆ ಹಾಕಿ ಬಡಿಸುವಾಗ ಹೊರಗೆ ಮಂಜು ಪೂರ್ತಿ ಹೋಗಿ ಸುಡು ಬಿಸಿಲು, ಸಾರು ಬಡಿಸಿ ಪಲ್ಯಕ್ಕೆ ಕೈ ಹಾಕುವಾಗ ಕೆಳಗಿನಿಂದ ಆ ಸದ್ದು ಬಂತು, ಗರ್‌ರ್ ಗರ್‌ರ್ ಗರ್‌ರ್, ಒಣ ಮರಕ್ಕೆ ಗರಗಸ ಹಾಕಿ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದ ಹಾಗೆ, ಅದು ಹಾಗೆ ಕೂಗುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಆದರೆ ಕೇಳಿದ ಕೂಡಲೇ ಗೊತ್ತಾಯಿತು, ಹರಿನಾಥ ಅನ್ನಕ್ಕೆ ಹಾಕಿದ ಕೈ ನಿಲ್ಲಿಸಿ ಅದೆಂತ ಶಬ್ದ ಎಂದು ಕೇಳಿದರು, ಸೌಟಿನಿಂದ ಪಲ್ಯ ಎಲೆಗೆ ಬೀಳುವುದನ್ನು ನೋಡುತ್ತಾ ಪ್ರೇಮಾವತಿ ಹೇಳಿದಳು — ಆಚೆ ಗುಡ್ಡೆಯಲ್ಲಿ ಮರದ ಮಿಲ್ಲು ಉಂಟು, ಅಲ್ಲಿ ಮರ ಕೊಯ್ಯುವುದು — ತನ್ನ ಸ್ವರವನ್ನು ತಾನೇ ಕೇಳಿದಳು, ಎಷ್ಟು ಸಲೀಸಾಗಿತ್ತು ಆ ಸ್ವರ, ಲೋಕಯ್ಯ ತಲೆ ಎತ್ತಿ ಅವಳನ್ನು ನೋಡಿದ, ಅವನಿಗೆ ಉರುಳು ಗೊತ್ತಿತ್ತು, ತಂತಿ ಅವನದ್ದೇ, ಒಂದು ತುತ್ತು ನುಂಗಿ ಹೌದು ಹೌದು ಮಿಲ್ಲು ಎಂದ, ನೆಂಟರ ಕಡೆಗೆ ತಿರುಗಿ ಇನ್ನೂ ಸ್ವಲ್ಪ ಹಾಕಿಕೊಳ್ಳಿ ಎಂದು ಪಾಯಸದ ಪಾತ್ರೆ ದೂಡಿದ, ಮತ್ತೆ ಎರಡು ಸಲ ಬಂತು ಆ ಸದ್ದು, ಎರಡನೆಯದು ಸಣ್ಣದಾಗಿ, ಆಮೇಲೆ ಬರಲಿಲ್ಲ, ನೆಂಟರು ಮೂರು ಗಂಟೆಯವರೆಗೆ ಕೂತರು, ಹೊರಡುವಾಗ ಹುಡುಗನ ತಾಯಿ ಭವ್ಯನ ತಲೆಗೆ ಮಲ್ಲಿಗೆ ಮುಡಿಸಿದರು, ಅಂದರೆ ಆಯಿತು ಎಂದು ಅರ್ಥ, ಸಂಜೆಯೊಳಗೆ ಮೂರು ಮನೆಯವರು ಬಂದು ವಿಚಾರಿಸಿದರು, ಅದರ ವಿಷಯ ಹೇಳುವುದಕ್ಕೆ ಒಂದು ಸಂದು ಇತ್ತು, ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಇಷ್ಟು ಹೊತ್ತು ಎಂತಕ್ಕೆ ಹೇಳಲಿಲ್ಲ ಎಂದು ಕೇಳಿದರೆ, ನಾಳೆ ಯಾರಾದರೂ ನೋಡಿಯೇ ನೋಡುತ್ತಾರೆ, ನಾಳೆ.

ಮರುದಿನ ಬೆಳಿಗ್ಗೆ ನೋಡಿದವನು ಪುರಂದರ, ಏಳು ಗಂಟೆಗೆ ಊರೇ ತೋಡಿನ ಬದಿಯಲ್ಲಿ, ಪುಲಿ ಪುಲಿ ಎಂದು ಮಲಯಾಳದಲ್ಲಿ ಕೂಗುತ್ತಾ ಫೋನು ಎತ್ತಿ ಹಿಡಿದವರೇ ಎಲ್ಲ, ಪ್ರೇಮಾವತಿಯೂ ಹೋದಳು, ಹೋಗದಿದ್ದರೆ ಸಂಶಯ ಬರುತ್ತದೆ ಎಂದು ಹೋದಳು, ಅದು ಈಗ ಕೂತಿರಲಿಲ್ಲ, ಮಲಗಿತ್ತು, ಕಾಲು ಬಾತು ಬಣ್ಣ ಬದಲಾಗಿತ್ತು, ಫಾರೆಸ್ಟಿನವರು ಬಂದು ಇಂಜೆಕ್ಷನ್ ಹೊಡೆದರು, ಬಲೆ ಹಾಸಿದರು, ಡಾಕ್ಟರು ಸಣ್ಣ ಪ್ರಾಯದ ಹೆಂಗಸು, ಕನ್ನಡಕ ತಲೆಯ ಮೇಲೆ, ಮೊಣಕಾಲೂರಿ ತಂತಿ ಕತ್ತರಿಸಿ ಕಾಲನ್ನು ಮೆಲ್ಲ ಎತ್ತಿ ನೋಡಿ ಯಾರಿಗೂ ಅಲ್ಲ ತನಗೇ ಎಂಬಂತೆ ಮಲಯಾಳದಲ್ಲಿ ಹೇಳಿದರು, ನಿನ್ನೆಯೇ ಗೊತ್ತಾಗಿದ್ದರೆ ಕಾಲು ಉಳಿಯುತ್ತಿತ್ತು, ಅಷ್ಟು ಜನರ ಗದ್ದಲದಲ್ಲಿ ಅದು ಇನ್ಯಾರಿಗಾದರೂ ಕೇಳಿಸಿತೋ ಇಲ್ಲವೋ, ನಿನ್ನೆಯೇ, ಗಾರ್ಡು ಒಬ್ಬ ಮನೆ ಮನೆಗೆ ಬಂದು ಹೆಸರು ಬರೆದುಕೊಂಡ, ತಂತಿ ಯಾರದ್ದೆಂದು ಯಾರಿಗೂ ಗೊತ್ತಿಲ್ಲ, ಎರಡು ತಿಂಗಳಲ್ಲಿ ಅದೂ ತಣ್ಣಗಾಯಿತು, ಏಪ್ರಿಲಿನಲ್ಲಿ ಮದುವೆ, ಊರವರೆಲ್ಲ ಒಳ್ಳೆಯ ಸಂಬಂಧ ಎಂದರು, ಒಳ್ಳೆಯದೇ, ಪ್ರವೀತ್ ಒಂದು ದಿನವೂ ಸ್ವರ ಏರಿಸಿದವನಲ್ಲ, ತೃಪ್ತಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟರು, ಅವಳು ಮೊದಲು ಬಟ್ಟೆ ಸರಿಸಿ ಕಾಲು ನೋಡಿದಳು, ಎರಡೂ ಕಾಲು, ಐದೈದು ಬೆರಳು, ಆಮೇಲೆ ಮುಖ ನೋಡಿದಳು, ನರ್ಸು ಎಲ್ಲ ಅಜ್ಜಿಯರೂ ಹೀಗೆಯೇ ಎಂದು ನಕ್ಕಳು, ಅನಂತಪುರದ ದೇವಸ್ಥಾನದ ಕೊಳದ ಮೊಸಳೆ ತೀರಿಕೊಂಡ ವರ್ಷ ಲೋಕಯ್ಯನ ಜೊತೆ ನೋಡಲು ಹೋಗಿದ್ದಳು, ಜನವೋ ಜನ, ಹೂ ಹಾಕಿ ಮಲಗಿಸಿದ್ದರು, ಒಬ್ಬರಿಗೂ ಉಪದ್ರ ಕೊಡದ ಜೀವ ಎಂದು ಯಾರೋ ಹೇಳಿದ್ದೇ ತಡ ಅವಳಿಗೆ ಅಳು ಒತ್ತರಿಸಿ ಬಂತು, ನಿಲ್ಲಲಿಲ್ಲ, ಬಸ್ಸಿನಲ್ಲಿಯೂ ನಿಲ್ಲಲಿಲ್ಲ, ಪಕ್ಕದ ಹೆಂಗಸು ನಿಮಗೆ ಬಹಳ ಭಕ್ತಿ ಎಂದಳು, ಲೋಕಯ್ಯ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ, ಅವನ ಕೈ ಮಾತ್ರ ಸೀಟಿನ ಮೇಲೆ ಇವಳ ಕೈಗೆ ತಾಗುವಷ್ಟು ಹತ್ತಿರ ಇತ್ತು, ಅಷ್ಟೇ, ಐದು ವರ್ಷದಲ್ಲಿ ಅವರಿಬ್ಬರು ಅದರ ಬಗ್ಗೆ ಮಾತಾಡಿದ್ದೆಂದರೆ ಅಷ್ಟೇ.

ಸಾಲು ಮುಗಿದಿದೆ, ಯಾವಾಗ ಮುಗಿಯಿತೋ, ಕೊನೆಯ ಮರದ ಗೆರಟೆಗೆ ಹಾಲು ಬೀಳುತ್ತಿದೆ, ಅವಳು ಹಾಲು ಹೆಪ್ಪುಹಾಕಿ ಶೀಟು ಮಾಡುವ ಶೆಡ್ಡಿನ ಕಡೆಗೆ ಹತ್ತುತ್ತಿದ್ದಾಳೆ, ಮೇಲೆ ಬಂದ ಹಾಗೆ ಮಂಜು ಕೆಳಗುಳಿಯುತ್ತದೆ, ಆಸಿಡ್ಡಿನ ಹುಳಿ ವಾಸನೆ, ಹಗ್ಗದಲ್ಲಿ ನಿನ್ನೆಯ ಶೀಟುಗಳು ಒದ್ದೆ ಬಟ್ಟೆಯ ಹಾಗೆ ತೂಗುತ್ತಿವೆ, ಶೆಡ್ಡಿನ ಹತ್ತಿರ ಸಿಗ್ನಲ್ ಸಿಗುತ್ತದೆ, ಸಿಕ್ಕಿದ ಕೂಡಲೇ ಸೊಂಟದಲ್ಲಿ ಫೋನು ನಿಜವಾಗಿಯೇ ನಡುಗಿತು, ಎಂಟು ಇಪ್ಪತ್ತು, ಭವ್ಯ — ಎಂತ ಅಮ್ಮ, ಆಗದಿಂದ ಮಾಡ್ತಾ ಇದ್ದೇನೆ, ನಿನ್ನ ಹೆಸರು ಹಾಕುವುದಾ ಬೇಡವಾ, ಇವರು ಸ್ನಾನಕ್ಕೆ ಹೋಗಿದ್ದಾರೆ, ಬಂದ ಕೂಡಲೇ ಫೋನು ಮಾಡ್ತಾರೆ ಅಲ್ಲಿಗೆ — ಪ್ರೇಮಾವತಿ ಹಾಲಿನ ಖಾಲಿ ಬಕೆಟ್ಟನ್ನು ಕವುಚಿ ಹಾಕಿ ಅದರ ಮೇಲೆ ಕೂತಳು, ಸಫಾರಿಗೆ ಮಾತ್ರ ಎಂದು ಹೇಳಲು ಬಾಯಿ ತೆರೆದಳು, ಬಾಯಿಯಿಂದ ಬಂದದ್ದು ಬೇರೆ — ಆ ತಂತಿ ನಾನು ಇಟ್ಟದ್ದು ಮಗಾ. ಆ ಕಡೆ ಮಗು ಏನೋ ಹಾಡುತ್ತಿರುವುದು ದೂರದಲ್ಲಿ, ಒಂದು ಬಾಗಿಲು ಮುಚ್ಚಿದ ಸದ್ದು, ಹಾಡು ನಿಂತಿತು, ಭವ್ಯ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿರಬೇಕು, ಈಗ ಇಡುತ್ತಾಳೆ, ಫೋನು ಇಟ್ಟುಬಿಡುತ್ತಾಳೆ, ಇಡಲಿ, ಆದರೆ ಅವಳು ಕೇಳಿದ್ದು ಒಂದೇ, ಮೆಲ್ಲನೆ ಕೇಳಿದಳು, ನೀನು ಅದನ್ನು ಯಾವಾಗ ನೋಡಿದ್ದು ಅಮ್ಮ, ಎಲ್ಲರೂ ನೋಡಿದ ದಿನವಾ, ಅದಕ್ಕಿಂತ ಮೊದಲಾ. ಸುಳ್ಳು ಹೇಳಲು ಇನ್ನೂ ಜಾಗವಿತ್ತು, ಮಗಳೇ ಜಾಗ ಮಾಡಿ ಕೊಟ್ಟಿದ್ದಳು, ಪ್ರೇಮಾವತಿಗೆ ಅದು ಕಂಡಿತು, ಆ ಜಾಗವನ್ನು ದಾಟಿದಳು — ಅವರು ನಿನ್ನನ್ನು ನೋಡ್ಲಿಕ್ಕೆ ಬಂದ ದಿನ, ಬೆಳಿಗ್ಗೆ.

ಭವ್ಯ ಹೇಳಿದಳು — ನನಗೆ ಗೊತ್ತಿತ್ತು ಅಮ್ಮ, ಪೂರ್ತಿ ಅಲ್ಲ, ಅರ್ಧ, ಆದಿತ್ಯವಾರ ಮಿಲ್ಲಿಗೆ ರಜೆ ಅಲ್ವಾ, ನೀನು ಮರ ಕೊಯ್ಯುವುದು ಎಂದಾಗ ಒಳಗೆ ಕನ್ನಡಿ ಎದುರು ಇದ್ದೆ ನಾನು, ಇವತ್ತು ಮಿಲ್ಲು ಇಲ್ಲವಲ್ಲ ಎಂದು ಗ್ರಹಿಸಿದೆ, ಮರುದಿನ ಎಲ್ಲ ಗೊತ್ತಾದಾಗಲೂ ಗ್ರಹಿಸಿದೆ, ಕೇಳಲಿಲ್ಲ, ಕೇಳಿದ್ರೆ ನೀನು ಹೇಳಿಬಿಟ್ರೆ ಎಂತ ಮಾಡುವುದು ಎಂದು ಕೇಳಲಿಲ್ಲ. ಅವಳ ಸ್ವರ ಒಡೆಯಿತು, ನನಗೂ ಆ ಮದುವೆ ಆಗಬೇಕಿತ್ತು ಅಮ್ಮ ಎಂದಳು, ಪ್ರೇಮಾವತಿ ಬಕೆಟ್ಟಿನ ಮೇಲೆ ಕೂತಲ್ಲಿಯೇ ಮುಂದಕ್ಕೆ ಬಾಗಿದಳು, ಇಷ್ಟು ವರ್ಷ ಈ ಹುಡುಗಿ, ಹಸಿರು ಸೀರೆ ಉಟ್ಟು ಕಪ್ಪು ತಟ್ಟೆಗೆ ತಾಗದ ಹಾಗೆ ಚಾ ಕೊಟ್ಟವಳು, ಮಲ್ಲಿಗೆ ಮುಡಿದವಳು, ಆ ಸದ್ದನ್ನು ತನ್ನ ಹಾಗೆಯೇ ಹೊತ್ತುಕೊಂಡು ತಿರುಗಿದ್ದಾಳೆ, ಒಂದೇ ಮನೆಯಲ್ಲಿ ಮೂರು ಜನ ಮೂರು ಮೂಲೆಯಲ್ಲಿ, ನಿನ್ನದೇನೂ ಇಲ್ಲ, ನೀನು ಏನೂ ಮಾಡಿದವಳಲ್ಲ ಎಂದು ಹೇಳಿದಳು, ಎರಡು ಸಲ ಹೇಳಿದಳು, ಅತ್ತುಬಿಡು ಎಂದಳು, ಆಮೇಲೆ ಯಾರಿಗೂ ಎಂದೂ ಹೇಳದ ಒಂದು ಮಾತನ್ನು, ಲೋಕಯ್ಯನಿಗೂ ಹೇಳದ್ದನ್ನು ಹೇಳಿದಳು — ಅವತ್ತು ಅದರ ಎದುರಿನಿಂದ ಹೊರಡುವಾಗ ನಾನು ಅದಕ್ಕೆ ಈಗ ಬರ್ತೇನೆ ಎಂದು ಹೇಳಿ ಬಂದಿದ್ದೆ ಭವ್ಯಾ, ಮನುಷ್ಯರಿಗೆ ಹೇಳಿದ ಹಾಗೆ, ಬಾಯಿಬಿಟ್ಟು, ಈಗ ಬರ್ತೇನೆ ಎಂದು. ಭವ್ಯ ಮೂಗು ಒರೆಸಿಕೊಳ್ಳುವುದು ಕೇಳಿಸಿತು, ಹಾಗಾದ್ರೆ ಹೆಸರು ಎಂದಳು, ಹಾಕು ಎಂದಳು ಪ್ರೇಮಾವತಿ, ಅಲ್ಲಿಗೂ ಹಾಕು, ನಂಬರು ನಿನ್ನ ಹತ್ತಿರ ಉಂಟಲ್ಲ, ಇವರಿಗೆ ಎಂತ ಹೇಳುವುದು ಎಂದು ಭವ್ಯ ಕೇಳಿದಾಗ ನೀನು ಹೇಳ್ಬೇಡ, ನಾನೇ ಹೇಳ್ತೇನೆ, ಜೀಪು ಹತ್ತುವ ಮೊದಲೇ ಹೇಳ್ತೇನೆ, ಆಮೇಲೆ ಅವರು ಕರೆದುಕೊಂಡು ಹೋದರೆ ಹೋಗುವ ಎಂದಳು, ಅವನ ಮುಖ ಹೇಗಾಗುತ್ತದೋ, ಮಾಮಿ ಎನ್ನುವ ಆ ಸ್ವರ ಹಾಗೆಯೇ ಉಳಿಯುತ್ತದೋ ಇಲ್ಲವೋ, ಮುಂದಿನ ಸಲ ಮೀನಿನ ಕಟ್ಟು ಗುಡ್ಡೆ ಹತ್ತುತ್ತದೋ ಇಲ್ಲವೋ, ಭಯವಿದೆ, ಆದರೆ ನಿನ್ನೆಯಿಂದ ಬಾಯಿಯಲ್ಲಿ ಸಿಕ್ಕಿಕೊಂಡಿದ್ದದ್ದು ಮಾತ್ರ ಇಳಿದಿದೆ, ಎಲ್ಲಿಗೆ ಇಳಿಯಿತೋ, ಮಗುವಿಗೆ ಏನು ಹೇಳುವುದು, ನಮ್ಮ ಮನೆಯ ತಂತಿ ತಾಗಿ ಹೋಯಿತು ಎಂದು ಹೇಳುವುದು, ಅಜ್ಜಿ ತಪ್ಪು ಮಾಡಿದ್ದು ಎಂದು ಹೇಳುವುದು, ಅದು ಇನ್ನೂ ಹತ್ತು ಪ್ರಶ್ನೆ ಕೇಳುತ್ತದೆ, ಕೇಳಲಿ, ಒಂದೊಂದಾಗಿ.

ಫೋನು ಇಡುವ ಮೊದಲು ಭವ್ಯ ಒಂದು ವೀಡಿಯೋ ಕಳಿಸುತ್ತೇನೆ, ಮೊದಲೇ ನೋಡಿಕೋ, ಅಲ್ಲಿ ಹೋಗಿ ಒಮ್ಮೆಗೇ ನೋಡಬೇಡ ಎಂದಳು, ಕೇಂದ್ರದವರು ಹಾಕಿದ್ದಂತೆ, ಪ್ರವೀತ್ ಹುಡುಕಿದ್ದು, ಸ್ವಲ್ಪ ಹೊತ್ತು ಬೂದು ಬಣ್ಣದ ಚೌಕದೊಳಗೆ ಒಂದು ವೃತ್ತ ತಿರುಗಿತು, ಬಿಸಿಲು ಶೆಡ್ಡಿನ ಶೀಟಿನ ಸಂದಿಯಿಂದ ಬಿದ್ದು ಪರದೆಯ ಮೇಲೆ ಏನೂ ಕಾಣಲಿಲ್ಲ, ಅವಳು ಅಂಗಿಯ ಅಂಚಿನಿಂದ ನೆರಳು ಮಾಡಿ ಹಿಡಿದಳು, ಹುಲ್ಲು, ಕಬ್ಬಿಣದ ಬಲೆ, ಬಲೆಯಾಚೆ ಒಂದು ಮರದ ಅಟ್ಟ, ಅದರ ಮೇಲೆ ಅದು, ದಪ್ಪವಾಗಿದೆ, ಕೂದಲು ಹೊಳೆಯುತ್ತದೆ, ಯಾರೋ ಸಾಕಿದ್ದಾರೆ, ಹೊತ್ತು ಹೊತ್ತಿಗೆ ಹೊಟ್ಟೆಗೆ ಹಾಕಿದ್ದಾರೆ, ಬೆಳಗಿನ ಬಿಸಿಲಿಗೆ ಮಲಗಿದೆ, ಎಡಗಾಲು ಚಾಚಿದೆ, ತಲೆ ತಗ್ಗಿಸಿ ಎಡಗಾಲನ್ನು ನೆಕ್ಕುತ್ತದೆ, ಬೆರಳ ಸಂದುಗಳನ್ನೆಲ್ಲ, ಬೆಕ್ಕಿನ ಹಾಗೆ ನಿಧಾನ, ಮುಗಿಯಿತು, ಈಗ ತಲೆ ಬಲಕ್ಕೆ ತಿರುಗುತ್ತದೆ, ಭುಜದ ಹತ್ತಿರ ಒಂದು ಮೋಟು ಏಳುತ್ತದೆ, ನಾಲಿಗೆ ಅದನ್ನು ದಾಟಿ ಕೆಳಗೆ ಹೋಗುತ್ತದೆ, ಪಾದ ಇರಬೇಕಾದ ಜಾಗಕ್ಕೆ, ಅಲ್ಲಿ ಗಾಳಿಯನ್ನು ನೆಕ್ಕುತ್ತದೆ, ಬೆರಳ ಸಂದುಗಳನ್ನೆಲ್ಲ ನೆಕ್ಕುವ ಹಾಗೆಯೇ, ಅಷ್ಟೇ ನಿಧಾನ, ಅಷ್ಟೇ ಜಾಗ್ರತೆ, ಅರ್ಧ ನಿಮಿಷಕ್ಕೆ ಮುಗಿದು ಮತ್ತೆ ಮೊದಲಿನಿಂದ ಶುರು, ಹುಲ್ಲು, ಬಲೆ, ಅಟ್ಟ, ಎಡಗಾಲು, ಗೆರಟೆಗಳು ತುಂಬಿರಬಹುದು, ಹಾಲು ಹೆಪ್ಪುಗಟ್ಟುವ ಮೊದಲು ಸುರಿದು ತರಬೇಕು, ಏಳಬೇಕು, ತಲೆ ಬಲಕ್ಕೆ ತಿರುಗುತ್ತದೆ, ಮೋಟು ಏಳುತ್ತದೆ, ಭವ್ಯನ ಮೆಸೇಜು ಬಂದು ಮೇಲೆ ಒಂದು ಗೆರೆ ಮೂಡಿ ಹೋಯಿತು, ಹೆಸರು ಕೊಟ್ಟಾಯ್ತು ಅಮ್ಮ, ಮತ್ತೆ ಹುಲ್ಲು, ಬಲೆ, ಏಳಬೇಕು, ನಾಲಿಗೆ ಕೆಳಗೆ ಹೋಗುತ್ತದೆ, ಇಲ್ಲದ ಪಾದವನ್ನು, ಬೆರಳು ಬೆರಳನ್ನು, ನೆಕ್ಕುತ್ತದೆ, ನೆಕ್ಕುತ್ತದೆ